ಬೆಳಿಗ್ಗೆ ಟ್ಯೂಬು, ಸಂಜೆ ಮನೆ

‘ಸೊಕ್ಕಿದ್ದವನಿಗೆ ಯಾಣ, ರೊಕ್ಕಿದ್ದವನಿಗೆ ಗೋಕರ್ಣ’ ಎಂಬ ಮಾತು ಉತ್ತರ ಕನ್ನಡದಲ್ಲಿ ಈಗಲೂ ಚಾಲ್ತಿಯಲ್ಲಿದೆ. ಗೋಕರ್ಣದಲ್ಲಿ ಪೂಜೆ, ದಕ್ಷಿಣೆಗೆ ದುಡ್ಡು ಬೇಕು. ಯಾಣಕ್ಕೆ ಕಾಡು ಹೊಕ್ಕು ಗುಡ್ಡ ಹತ್ತುವ ಕಸುವು ಬೇಕು. ಇವತ್ತು ಕುಮಟಾದಿಂದಲೂ ಶಿರಸಿಯಿಂದಲೂ ಅಲ್ಲಿಗೆ ರಸ್ತೆಯಿದೆ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರವನ್ನೂ 90 ಮೀಟರಿನ ಮೋಹಿನಿ ಶಿಖರವನ್ನೂ ನೋಡಲು ಕೊನೆಯಲ್ಲಿ ಒಂದಿಷ್ಟು ನಡೆದರೆ ಆಯಿತು. ಪ್ರವಾಸಿಗೆ ಯಾಣ ಹತ್ತಿರವಾಗಿದೆ. ಕಿಡ್ನಿ ಫೇಲಾದ ಊರಿನವನಿಗೆ ಮಾತ್ರ ಊರಿಂದ ಹೊರಗಿರುವುದೆಲ್ಲ ದೂರವೇ. ವಾರಕ್ಕೆ ಎರಡೋ ಮೂರೋ ಸಲ ಅದೇ ದಾರಿಯಲ್ಲಿ ಇಳಿದು, ನಾಲ್ಕು ತಾಸು ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ, ಸುಸ್ತಾಗಿ ಮತ್ತೆ ಹತ್ತಬೇಕು. ಅವನಿಗೆ ಸೊಕ್ಕೂ ಇಲ್ಲ, ಹೆಚ್ಚಿನ ಸಲ ರೊಕ್ಕವೂ ಇಲ್ಲ.

ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಈಗ ಉಚಿತ ಡಯಾಲಿಸಿಸ್ ಸಿಗುತ್ತದೆ. ಇದು ಸಣ್ಣ ಸಾಧನೆಯಲ್ಲ. ಒಂದು ಕಾಲಕ್ಕೆ ಇದೇ ಚಿಕಿತ್ಸೆಗಾಗಿ ಕರಾವಳಿಯ ಜನ ಮಣಿಪಾಲ, ಮಂಗಳೂರು, ಇಲ್ಲವೇ ಘಟ್ಟ ಹತ್ತಿ ಹುಬ್ಬಳ್ಳಿಯ ದಾರಿ ಹಿಡಿಯುತ್ತಿದ್ದರು. ಆದರೂ ಯಾಣದಿಂದ ಕುಮಟಾಕ್ಕೆ ಮೂವತ್ತು ಕಿಲೋಮೀಟರಿನಷ್ಟು ದಾರಿ. ವಾರಕ್ಕೆ ಎರಡು ಸಲ ಎಂದರೂ ವರ್ಷಕ್ಕೆ ನೂರಕ್ಕೂ ಹೆಚ್ಚು ಪ್ರಯಾಣ. ಜೊತೆಗೊಬ್ಬರು ಬೇಕು, ಆ ಒಬ್ಬರ ಕೂಲಿಯೋ ತೋಟದ ಕೆಲಸವೋ ಅಷ್ಟು ದಿನ ಹಾಳು. ಡಯಾಲಿಸಿಸ್ ಉಚಿತ, ಗಾಡಿ ಬಾಡಿಗೆ ಉಚಿತವಲ್ಲ.

ಇನ್ನು ಮಳೆಗಾಲದ ಕತೆಯೇ ಬೇರೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿ ನದಿಯವರೆಗೆ ಬಂದಾಗ ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದಾಗಿತ್ತು. ಕಾರವಾರದ ಜಿಲ್ಲಾ ಕೇಂದ್ರಕ್ಕೂ ಕುಮಟಾ, ಹೊನ್ನಾವರ, ಭಟ್ಕಳಕ್ಕೂ ನಡುವಿನ ನೇರ ದಾರಿಯೇ ಅದು. ಅದಕ್ಕೆ ಎರಡು ವರ್ಷ ಮುಂಚೆ, 2022ರ ಜುಲೈನಲ್ಲಿ, ಇನ್ನೊಂದು ಶಿರೂರು ಸುದ್ದಿಯಾಗಿತ್ತು. ಇದು ಭಟ್ಕಳ ದಾಟಿದ ಮೇಲೆ ಬೈಂದೂರು ಕಡೆ ಸಿಗುವ ಶಿರೂರು. ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಅಲ್ಲಿನ ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ‘ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ’ ಎಂಬ ಕೂಗು ಆಗ ಮತ್ತೊಮ್ಮೆ ಜೋರಾಯಿತು. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಕಿಡ್ನಿ ರೋಗಿಗಳ ಮಟ್ಟಿಗೆ ಇನ್ನೊಂದು ಪ್ರಶ್ನೆಯೂ ಇದೆ: ರೋಗಿಯನ್ನು ಯಂತ್ರದ ಹತ್ತಿರ ಸಾಗಿಸುವುದರ ಬದಲು ಡಯಾಲಿಸಿಸ್ಸನ್ನೇ ಮನೆಗೆ ಕಳಿಸಿದರೆ?

ಹಾಗೆ ಕಳಿಸಬಹುದು. ಅದರ ಹೆಸರು ಪೆರಿಟೋನಿಯಲ್ ಡಯಾಲಿಸಿಸ್. ರೋಗಿಗಳ ಬಾಯಲ್ಲಿ ‘ಹೊಟ್ಟೆ ಡಯಾಲಿಸಿಸ್’. ಕರುಳನ್ನೂ ಹೊಟ್ಟೆಯ ಒಳಗೋಡೆಯನ್ನೂ ಹೊದ್ದಿರುವ ತೆಳು ಪೊರೆಯೊಂದಿದೆ. ಬಿಡಿಸಿ ಹರಡಿದರೆ ಹೆಚ್ಚುಕಡಿಮೆ ಮೈಮೇಲಿನ ಚರ್ಮದಷ್ಟೇ ವಿಸ್ತಾರ ಅದಕ್ಕೆ. ಅದರ ತುಂಬ ಸಣ್ಣ ರಕ್ತನಾಳಗಳು. ಹೊಟ್ಟೆಯೊಳಗೆ ಎರಡು ಲೀಟರ್ ಸಕ್ಕರೆ, ಲವಣಗಳ ದ್ರವ ಬಿಟ್ಟು ನಾಲ್ಕಾರು ತಾಸು ಹಾಗೇ ಇಟ್ಟರೆ ರಕ್ತದಲ್ಲಿನ ಯೂರಿಯಾ, ಕ್ರಿಯಾಟಿನಿನ್, ಹೆಚ್ಚಿನ ಪೊಟ್ಯಾಸಿಯಂ ಪೊರೆ ದಾಟಿ ದ್ರವಕ್ಕೆ ಇಳಿಯುತ್ತವೆ. ದ್ರವದಲ್ಲಿನ ಸಕ್ಕರೆ ಮೈಯ ಹೆಚ್ಚುವರಿ ನೀರನ್ನು ಎಳೆದುಕೊಳ್ಳುತ್ತದೆ. ಆಮೇಲೆ ಅದನ್ನು ಹೊರಗೆ ಹರಿಸಿ ಹೊಸದನ್ನು ತುಂಬುವುದು. ದಿನಕ್ಕೆ ಮೂರು ಅಥವಾ ನಾಲ್ಕು ಸಲ, ಪ್ರತಿ ಸಲ ಅರ್ಧ ತಾಸಿನ ಕೆಲಸ. ಯಂತ್ರ ಬೇಡ, ಕರೆಂಟು ಬೇಡ. ಆಸ್ಪತ್ರೆಯ ರಕ್ತದ ಡಯಾಲಿಸಿಸ್‌ನಲ್ಲಾದರೆ ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ತಾಸಿಗೆ 120 ಲೀಟರ್ ಶುದ್ಧೀಕರಿಸಿದ ದ್ರವ ಯಂತ್ರದ ಮೂಲಕ ಹರಿಯಬೇಕು. ಜೂನ್ ತಿಂಗಳಲ್ಲಿ ಮರ ಬಿದ್ದು ಮೂರು ದಿನ ಕರೆಂಟು ಹೋಗುವ ಸೀಮೆಗೆ ಯಾವುದು ಹೊಂದುತ್ತದೆ ಎಂದು ಹೆಸ್ಕಾಂನವರನ್ನು ಕೇಳಿದರೂ ಹೇಳಿಯಾರು.

ಯಂತ್ರವಿಲ್ಲದೆ, ಓಡಾಡಿಕೊಂಡೇ ಮಾಡಿಕೊಳ್ಳುವ ಈ ಪದ್ಧತಿ ಹುಟ್ಟಿದ್ದೂ ಊರು ಬಿಡಲು ಒಪ್ಪದ ಒಬ್ಬ ರೋಗಿಯಿಂದ. 1975ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಯುವಕನೊಬ್ಬನಿಗೆ ರಕ್ತದ ಡಯಾಲಿಸಿಸ್ ಮಾಡಲು ಬೇಕಾದ ರಕ್ತನಾಳದ ದಾರಿ ಮತ್ತೆ ಮತ್ತೆ ಕೆಡುತ್ತಿತ್ತು. ಹೊಟ್ಟೆಯ ಮೂಲಕ ಮಾಡುವ ಸೌಲಭ್ಯ ಇದ್ದದ್ದು ಡಲ್ಲಾಸ್‌ನಲ್ಲಿ, ಮುನ್ನೂರು ಕಿಲೋಮೀಟರ್ ದೂರ. ಅಲ್ಲಿಗೆ ಮನೆ ಬದಲಿಸು ಎಂದರೆ ಆತ ಸುತರಾಂ ಒಪ್ಪಲಿಲ್ಲ. ಆಗ ಕೆಮಿಕಲ್ ಎಂಜಿನಿಯರ್ ರಾಬರ್ಟ್ ಪೊಪೊವಿಚ್ ಮತ್ತು ಕಿಡ್ನಿ ವೈದ್ಯ ಜ್ಯಾಕ್ ಮಾನ್‌ಕ್ರೀಫ್ ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದರು. ದಿನಕ್ಕೆ ಐದು ಸಲ ಎರಡೆರಡು ಲೀಟರ್ ತುಂಬಿ, ತಾಸುಗಟ್ಟಲೆ ಒಳಗೇ ಬಿಟ್ಟರೆ ಸಾಕಾಗುತ್ತದೆ, ಮನುಷ್ಯ ಓಡಾಡಿಕೊಂಡೇ ಇರಬಹುದು ಎಂದು ಗೊತ್ತಾಯಿತು. 1976ರಲ್ಲಿ ಇದನ್ನು ವೈದ್ಯರ ಸಮ್ಮೇಳನವೊಂದಕ್ಕೆ ಕಳಿಸಿದರೆ ಅಲ್ಲಿ ತಿರಸ್ಕಾರವಾಯಿತು. ಮುಂದೆ ಟೊರಾಂಟೊದ ಡಾ. ಡಿಮಿಟ್ರಿಯೊಸ್ ಓರಿಯೋಪೌಲೋಸ್ ಗಾಜಿನ ಬಾಟಲಿಗಳ ಜಾಗಕ್ಕೆ ಮಡಚಿಡಬಹುದಾದ ಪ್ಲಾಸ್ಟಿಕ್ ಚೀಲ ತಂದರು. ಸಿಎಪಿಡಿ ಎಂಬ ಹೆಸರಿನಲ್ಲಿ ಪದ್ಧತಿ ಜಗತ್ತು ಸುತ್ತಿ 1991ರ ಹೊತ್ತಿಗೆ ಭಾರತಕ್ಕೂ ಬಂತು.

ಬಂದು ಮೂರು ದಶಕ ದಾಟಿದರೂ ಹಳ್ಳಿಗಳಿಗೆ ಅದು ಇಳಿದಿಲ್ಲ. ಕಾರಣ ಹುಡುಕುತ್ತ ಹೋದರೆ ದುಡ್ಡಿನ ಮಾತು, ಸೋಂಕಿನ ಭಯ, ‘ಹಳ್ಳಿಯವರಿಗೆ ಇದೆಲ್ಲ ಆಗೋದಲ್ಲ’ ಎಂಬ ಪೇಟೆಯ ತೀರ್ಪು, ಎಲ್ಲವೂ ಸಿಗುತ್ತವೆ. ಆದರೆ ಬಾಗಿಲಲ್ಲೇ ನಿಂತಿರುವ ಅಡ್ಡಿ ಒಂದು ಮೊಳದಷ್ಟೂ ಉದ್ದವಿಲ್ಲದ ಸಿಲಿಕೋನ್ ಟ್ಯೂಬು. ಅದನ್ನು ಹೊಟ್ಟೆಗೆ ಹಾಕುವವರು ಯಾರು, ಎಲ್ಲಿ, ಯಾವಾಗ?

ಹೆಚ್ಚಿನ ಕಡೆ ನಡೆಯುವುದು ಹೀಗೆ. ಕಿಡ್ನಿ ವೈದ್ಯರು ಸರ್ಜನ್ನರಿಗೆ ಬರೆಯುತ್ತಾರೆ. ಸರ್ಜನ್ನರ ಪಟ್ಟಿಯಲ್ಲಿ ಅಪೆಂಡಿಕ್ಸು, ಹರ್ನಿಯಾ, ಅಪಘಾತಗಳೆಲ್ಲ ಮುಗಿದ ಮೇಲೆ ಈ ಸಣ್ಣ ಟ್ಯೂಬಿನ ಸರದಿ. ಆಪರೇಷನ್ ಥಿಯೇಟರ್ ಖಾಲಿಯಾಗಬೇಕು, ಅರಿವಳಿಕೆ ವೈದ್ಯರು ಸಿಗಬೇಕು. ಅಷ್ಟರಲ್ಲಿ ರೋಗಿಗೆ ಉಸಿರು ಕಟ್ಟುತ್ತದೆ, ಕಾಲು ಬಾಯುತ್ತದೆ. ಕುತ್ತಿಗೆಗೆ ತಾತ್ಕಾಲಿಕ ಪೈಪು ಹಾಕಿ ಯಂತ್ರಕ್ಕೆ ಜೋಡಿಸುತ್ತಾರೆ. ಒಮ್ಮೆ ಯಂತ್ರ ಹತ್ತಿದವನು ಹೊಟ್ಟೆ ಡಯಾಲಿಸಿಸ್‌ಗೆ ಇಳಿಯುವುದು ಅಪರೂಪ. ರೋಗಿ ಒಲ್ಲೆ ಎಂದದ್ದಲ್ಲ, ಸರದಿ ಬರಲಿಲ್ಲ ಅಷ್ಟೆ.

ಈ ಸರದಿಯನ್ನು ಮುರಿಯುವ ದಾರಿಯೇ ಹೊರರೋಗಿಯಾಗಿ ಬಂದು ಟ್ಯೂಬು ಹಾಕಿಸಿಕೊಂಡು ಹೋಗುವುದು. ದೊಡ್ಡ ಥಿಯೇಟರ್ ಬೇಡ, ಪೂರ್ತಿ ಅರಿವಳಿಕೆ ಬೇಡ. ಸ್ವಚ್ಛವಾದ ಸಣ್ಣ ಕೋಣೆ, ಮರಗಟ್ಟಿಸುವ ಇಂಜೆಕ್ಷನ್, ತರಬೇತಿ ಪಡೆದ ಕಿಡ್ನಿ ವೈದ್ಯರು, ಒಬ್ಬ ನರ್ಸ್. ಕೇಳಲು ಹೊಸದೆನಿಸಿದರೂ ಇದು ಹಳೆಯದು. 1960ರ ದಶಕದಲ್ಲಿ ಸಿಯಾಟಲ್‌ನ ಡಾ. ಹೆನ್ರಿ ಟೆಂಕಾಫ್ ರೋಗಿಯ ಮನೆಗೇ ಹೋಗಿ, ಪ್ರತಿ ಡಯಾಲಿಸಿಸ್‌ಗೂ ಹೊಟ್ಟೆಗೆ ಹೊಸದಾಗಿ ಚುಚ್ಚಿ ಟ್ಯೂಬು ಹಾಕಿ ಬರುತ್ತಿದ್ದರು. ಎಷ್ಟು ದಿನ ಹೀಗೆ ಓಡಾಡುವುದು? ಒಳಗೇ ಉಳಿಯುವ ಟ್ಯೂಬೊಂದನ್ನು ಅವರು ರೂಪಿಸಿದರು. 1968ರಲ್ಲಿ ಪ್ರಕಟವಾದ ಆ ವಿನ್ಯಾಸವೇ, ಸಣ್ಣಪುಟ್ಟ ಬದಲಾವಣೆಯೊಂದಿಗೆ, ಇಂದಿಗೂ ಬಳಕೆಯಲ್ಲಿರುವ ಟೆಂಕಾಫ್ ಕ್ಯಾತೆಟರ್. ಅವರು ಅದನ್ನು ರೋಗಿಯ ಮಂಚದ ಪಕ್ಕದಲ್ಲೇ ಹಾಕುತ್ತಿದ್ದರು. ಅಂದರೆ ಈ ಟ್ಯೂಬು ಥಿಯೇಟರ್ ಹೊಕ್ಕಿದ್ದು ಆಮೇಲೆ.

ಕೆಲಸ ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಭಯ ಹುಟ್ಟುವುದೇ ಇಲ್ಲಿ.

ಹಿಂದಿನ ದಿನ ಹೊಟ್ಟೆ ಸಾಫಾಗಲು ಔಷಧಿ ಕೊಡುತ್ತಾರೆ. ಇದು ಶಾಸ್ತ್ರಕ್ಕಲ್ಲ. ಕರುಳಿನಲ್ಲಿ ಮಲ ಕಟ್ಟಿಕೊಂಡಿದ್ದರೆ ಟ್ಯೂಬಿನ ತುದಿ ಪಕ್ಕಕ್ಕೆ ಸರಿದು ದ್ರವ ಹರಿಯುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ವೈದ್ಯರು ಮೊದಲೇ ಲೆಕ್ಕ ಹಾಕಿ ನಿಲ್ಲಿಸಿರುತ್ತಾರೆ. ಬೆಳಿಗ್ಗೆ ಮೂತ್ರ ಪೂರ್ತಿ ಹೊಯ್ದು ಬರಬೇಕು. ತುಂಬಿದ ಮೂತ್ರಕೋಶಕ್ಕೆ ಸೂಜಿ ತಾಗುವ ಅಪಾಯವಿದೆ. ಆಮೇಲೆ ರೋಗಿಯನ್ನು ಕೂರಿಸಿ, ನಿಲ್ಲಿಸಿ, ಪಂಚೆಯೋ ಸೀರೆಯೋ ಎಲ್ಲಿ ಬಿಗಿಯುತ್ತದೆ ಎಂದು ನೋಡಿ ಚರ್ಮದ ಮೇಲೆ ಗುರುತು ಹಾಕುತ್ತಾರೆ. ಟ್ಯೂಬು ಹೊರಬರುವ ಜಾಗ ಆ ಗೆರೆಯ ಮೇಲೆ ಬರಕೂಡದು, ಹೊಟ್ಟೆಯ ಮಡಿಕೆಯೊಳಗೂ ಅಡಗಕೂಡದು. ರೋಗಿಯ ಕಣ್ಣಿಗೆ ಕಾಣಬೇಕು, ಕೈಗೆ ಸಿಗಬೇಕು. ಈ ಐದು ನಿಮಿಷದ ಗುರುತನ್ನು ಅವಸರದಲ್ಲಿ ಬಿಟ್ಟರೆ ಮುಂದಿನ ವರ್ಷಗಳೆಲ್ಲ ರೋಗಿಗೆ ಕಿರಿಕಿರಿ.

ಒಂದು ಡೋಸ್ ಆ್ಯಂಟಿಬಯಾಟಿಕ್ ಆದ ಮೇಲೆ ಹೊಕ್ಕುಳಿನ ಕೆಳಗೆ ಮರಗಟ್ಟಿಸುವ ಇಂಜೆಕ್ಷನ್. ಎರಡು ಮೂರು ಸೆಂಟಿಮೀಟರ್ ಸೀಳು. ‘ಹೊಟ್ಟೆ ಬಿಗಿ ಹಿಡೀರಿ’ ಎನ್ನುತ್ತಾರೆ ವೈದ್ಯರು. ಬಿಗಿದ ಹೊಟ್ಟೆಯ ಗೋಡೆಯ ಮೂಲಕ ಸೂಜಿ ಒಳಗಿಳಿಯುತ್ತದೆ. ಒಂದಿಷ್ಟು ದ್ರವ ತುಂಬಿ ಕರುಳಿಗೂ ಗೋಡೆಗೂ ನಡುವೆ ಜಾಗ ಮಾಡಿಕೊಳ್ಳುತ್ತಾರೆ. ಸೂಜಿಯೊಳಗಿಂದ ಬಳುಕುವ ತಂತಿ, ತಂತಿಯ ಮೇಲಿಂದ ದಾರಿ ಹಿಗ್ಗಿಸುವ ಕೊಳವೆ, ಆ ಕೊಳವೆಯೊಳಗಿಂದ ಟ್ಯೂಬು. ತುದಿ ಕೆಳಹೊಟ್ಟೆಯ ತಳಕ್ಕೆ ತಲುಪಿದಾಗ ರೋಗಿಗೆ ಗುದದ ಕಡೆ ಒತ್ತಿದಂತಾಗಿ, ‘ಕಕ್ಕಸಿಗೆ ಬಂದ ಹಾಗಾಗ್ತದೆ’ ಎನ್ನುತ್ತಾನೆ. ಸಂಕೋಚ ಪಡಬೇಕಿಲ್ಲ, ಆ ಮಾತಿಗೇ ವೈದ್ಯರು ಕಾಯುತ್ತಿರುತ್ತಾರೆ. ಟ್ಯೂಬು ಸರಿಯಾದ ಜಾಗಕ್ಕೆ ಬಂತೆಂದು ಅದರರ್ಥ. ಪೂರ್ತಿ ಅರಿವಳಿಕೆ ಕೊಟ್ಟ ರೋಗಿ ಈ ಸುಳಿವು ಕೊಡಲಾರ. ಆಮೇಲೆ ಟ್ಯೂಬಿನ ಉಳಿದ ಭಾಗವನ್ನು ಚರ್ಮದ ಅಡಿಯಲ್ಲಿ ಸುರಂಗದಂತೆ ಸಾಗಿಸಿ, ಗುರುತು ಮಾಡಿದ ಜಾಗದಲ್ಲಿ ಬಾಯಿ ಕೆಳಮುಖವಾಗುವಂತೆ ಹೊರತರುತ್ತಾರೆ. ಕೆಳಮುಖವಾಗಿದ್ದರೆ ಬೆವರು, ನೀರು, ಕೊಳೆ ಒಳಗೆ ನಿಲ್ಲುವುದಿಲ್ಲ. ಹೊರಬರುವ ಜಾಗಕ್ಕೆ ಹೊಲಿಗೆ ಹಾಕುವುದಿಲ್ಲ. ಹೊಲಿಗೆಯೇ ಸೋಂಕಿಗೆ ದಾರಿ. ದ್ರವ ಬಿಟ್ಟು, ಹರಿಸಿ, ಸರಾಗ ಬರುತ್ತಿದೆಯೇ ಎಂದು ನೋಡಿದರೆ ಕೆಲಸ ಮುಗಿಯಿತು. ಎಲ್ಲ ಸೇರಿ ಒಂದು ತಾಸಿನ ಆಚೀಚೆ.

ಟ್ಯೂಬಿನ ಮೇಲೆ ಎರಡು ಕಡೆ ಡೆಕ್ರಾನ್ ಎಂಬ ನಾರಿನ ಪಟ್ಟಿ ಇರುತ್ತದೆ: ಒಂದು ಹೊಟ್ಟೆಯ ಸ್ನಾಯುವಿನೊಳಗೆ, ಇನ್ನೊಂದು ಚರ್ಮದ ಅಡಿಯಲ್ಲಿ. ಸುತ್ತಲಿನ ಮಾಂಸ ಆ ನಾರಿನೊಳಗೆ ಬೆಳೆದು, ಕಸಿ ಕಟ್ಟಿದ ಮಾವಿನ ಕೊಂಬೆ ಹತ್ತಿಕೊಂಡ ಹಾಗೆ, ಟ್ಯೂಬನ್ನು ಹಿಡಿದುಕೊಳ್ಳುತ್ತದೆ. ಅದಕ್ಕೆ ಎರಡು ವಾರ ಬೇಕು. ಅಲ್ಲಿಯವರೆಗೆ ಜಗ್ಗಾಡಬಾರದು, ಕೊಡಪಾನ ಎತ್ತಬಾರದು, ಒಣಕೆಮ್ಮಿದ್ದರೆ ಔಷಧಿ ತೆಗೆದುಕೊಳ್ಳಬೇಕು, ಬ್ಯಾಂಡೇಜನ್ನು ಮನೆಯಲ್ಲಿ ಬಿಚ್ಚಿ ನೋಡುವ ಕುತೂಹಲ ಬೇಡ. ಸ್ಥಿತಿ ಬಿಗಡಾಯಿಸಿ ಅಷ್ಟು ಕಾಯಲು ಆಗದಿದ್ದರೆ, ರೋಗಿಯನ್ನು ಮಲಗಿಸಿಯೇ ಕಡಿಮೆ ಪ್ರಮಾಣದ ದ್ರವದಿಂದ ಮೊದಲೇ ಶುರು ಮಾಡುವ ಕ್ರಮವೂ ಇದೆ. ಅದು ಆಸ್ಪತ್ರೆಯಲ್ಲಿ ಆಗಬೇಕು.

ಎಲ್ಲರಿಗೂ ಇದು ನಡೆಯುವುದಿಲ್ಲ. ಹಿಂದೆ ಹೊಟ್ಟೆಯ ದೊಡ್ಡ ಆಪರೇಷನ್ ಆಗಿ ಒಳಗೆ ಕರುಳು ಅಂಟಿಕೊಂಡಿರಬಹುದಾದವರಿಗೆ ಕಾಣದೆ ಸೂಜಿ ಹಾಕುವುದು ಅಪಾಯ. ಅವರಿಗೆ ಕ್ಯಾಮೆರಾ ಇಳಿಸಿ ಒಳಗನ್ನು ನೋಡುತ್ತ ಮಾಡುವ ಲ್ಯಾಪರೊಸ್ಕೋಪಿಯೇ ಲೇಸು. ಹರ್ನಿಯಾ ಇದ್ದರೆ ಅದನ್ನು ಮೊದಲು ಸರಿಮಾಡಿಸಬೇಕು. ತೀರಾ ದಪ್ಪ ಹೊಟ್ಟೆಯವರಲ್ಲೂ ಸರ್ಜನ್ನರ ಕೈ ಬೇಕಾಗಬಹುದು. ಅಂತರರಾಷ್ಟ್ರೀಯ ಪೆರಿಟೋನಿಯಲ್ ಡಯಾಲಿಸಿಸ್ ಸೊಸೈಟಿ 2019ರಲ್ಲಿ ಹೊರತಂದ ಮಾರ್ಗಸೂಚಿ ಇದೇ ವಿಧಾನ ಶ್ರೇಷ್ಠ ಎಂದು ಪಟ್ಟು ಹಿಡಿಯುವುದಿಲ್ಲ. ರೋಗಿಯ ಹೊಟ್ಟೆ, ಆಸ್ಪತ್ರೆಯ ಸೌಕರ್ಯ, ಹಾಕುವವರ ಕೈಗುಣ ನೋಡಿ ಆರಿಸಿ ಎನ್ನುತ್ತದೆ. ಜೊತೆಗೆ ಅಳತೆಗೋಲೂ ಇಟ್ಟಿದೆ: ಕರುಳಿಗೆ ತೂತಾಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ, ಮೊದಲ ಮೂವತ್ತು ದಿನದಲ್ಲಿ ಸೋಂಕು ನೂರಕ್ಕೆ ಐದಕ್ಕಿಂತ ಕಡಿಮೆ, ವರ್ಷದ ಕೊನೆಗೆ ನೂರರಲ್ಲಿ ಎಂಬತ್ತಕ್ಕಿಂತ ಹೆಚ್ಚು ಟ್ಯೂಬುಗಳು ಸುಸ್ಥಿತಿಯಲ್ಲಿರಬೇಕು, ನುರಿತವರು ಲ್ಯಾಪರೊಸ್ಕೋಪಿಯಲ್ಲಿ ಹಾಕಿದರೆ ತೊಂಬತ್ತೈದು. ಟ್ಯೂಬು ಹಾಕಿಸಿಕೊಳ್ಳುವ ಮುನ್ನ ‘ನಿಮ್ಮಲ್ಲಿ ಇದು ಎಷ್ಟಿದೆ?’ ಎಂದು ಕೇಳುವ ಹಕ್ಕು ರೋಗಿಯ ಮಗನಿಗೋ ಮಗಳಿಗೋ ಇದೆ. ಕೇಳಿದರೆ ಬೈಯುವ ವೈದ್ಯರು ಕಡಿಮೆ.

ಸಂಜೆ ಮನೆಗೆ ಹೋಗಬಹುದು ಎಂಬ ಮಾತಿಗೂ ಉತ್ತರ ಕನ್ನಡದಲ್ಲಿ ಒಂದು ಷರಾ ಬೇಕು. ಟ್ಯೂಬು ಹಾಕಿಸಿಕೊಂಡವರು ಮಣಿಪಾಲದಿಂದ ಹೊರಟು ಉಡುಪಿಯ ಇಂದ್ರಾಳಿ ನಿಲ್ದಾಣದಲ್ಲಿ ರೈಲು ಹಿಡಿದು, ಕುಮಟಾದಲ್ಲಿ ಇಳಿದು, ಅಲ್ಲಿಂದ ಜೀಪಿನಲ್ಲಿ ಯಾಣದ ತಿರುವುಗಳನ್ನು ಕುಲುಕುತ್ತ ಹೋಗುವುದು ಬುದ್ಧಿವಂತಿಕೆಯಲ್ಲ. ರಾತ್ರಿ ರಕ್ತ ಜಿನುಗಿದರೆ ತಿರುಗಿ ಬರಲು ಬಸ್ಸಿಲ್ಲ. ಒಂದೋ ಆಸ್ಪತ್ರೆಯ ಹತ್ತಿರದ ನೆಂಟರ ಮನೆಯಲ್ಲಿ ಒಂದೆರಡು ದಿನ ಉಳಿಯಬೇಕು, ಇಲ್ಲವೇ ಈ ಕೆಲಸ ಕುಮಟಾದಲ್ಲೇ ಆಗಬೇಕು. ಎರಡನೆಯದೇ ಆಗಬೇಕಾದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯುವ ಕೋಣೆಗಿಂತ ಹೆಚ್ಚಿನದೇನೂ ಇದಕ್ಕೆ ಬೇಕಿಲ್ಲ. ತಿಂಗಳಿಗೆ ಒಂದೆರಡು ದಿನ ಕಿಡ್ನಿ ವೈದ್ಯರೊಬ್ಬರು ಬಂದು, ಏನಾದರೂ ಎಡವಟ್ಟಾದರೆ ಕೈಕೊಡಲು ಊರಿನ ಸರ್ಜನ್ ಪಕ್ಕದಲ್ಲಿದ್ದರೆ, ಭಟ್ಕಳದಿಂದ ಯಾಣದವರೆಗಿನ ರೋಗಿಗಳು ಬೆಳಿಗ್ಗೆ ಬಂದು ಸಂಜೆ ಮನೆ ಸೇರಬಹುದು. ಕಣ್ಣಿನ ಪೊರೆಯ ಆಪರೇಷನ್ ಶಿಬಿರಗಳನ್ನು ಹಳ್ಳಿಹಳ್ಳಿಗೆ ಒಯ್ದ ರಾಜ್ಯಕ್ಕೆ ಇದು ನಿಲುಕದ್ದಲ್ಲ.

ಟ್ಯೂಬು ಹಾಕಿಸಿಕೊಂಡ ಮೇಲಿನ ಸಂಸಾರ ಹೇಗಿರುತ್ತದೆ? ತಿಂಗಳಿಗೊಮ್ಮೆ ದ್ರವದ ಪೆಟ್ಟಿಗೆಗಳು ಬರುತ್ತವೆ. ದಿನಕ್ಕೆ ಮೂರು ಸಲ ಎಂದು ಹಿಡಿದರೂ ತಿಂಗಳಿಗೆ ತೊಂಬತ್ತು ಚೀಲ, 180 ಲೀಟರ್, ತೂಕ ಎರಡು ಕ್ವಿಂಟಲ್‌ನ ಆಸುಪಾಸು. ಗೂಡ್ಸ್ ರಿಕ್ಷಾ ರಸ್ತೆಯ ಕೊನೆಯವರೆಗೆ ಬಂದೀತು. ಅಲ್ಲಿಂದ ಕಾಲುಸಂಕ ದಾಟಿ, ತೋಟದ ಅಂಚಿನಲ್ಲಿ ತಲೆಹೊರೆಯಲ್ಲೇ ಮನೆ ಸೇರಬೇಕು. ಮಳೆಗಾಲಕ್ಕೆ ಅಕ್ಕಿ, ಕಟ್ಟಿಗೆ, ಉಪ್ಪಿನಕಾಯಿ ದಾಸ್ತಾನು ಮಾಡಿಕೊಳ್ಳುವುದು ಈ ಸೀಮೆಯ ಮನೆಗಳಿಗೆ ಗೊತ್ತಿರುವ ವಿದ್ಯೆ. ಮೇ ಮುಗಿಯುವುದರೊಳಗೆ ಒಂದು ತಿಂಗಳ ಚೀಲ ಹೆಚ್ಚಿಗೆ ತರಿಸಿ, ಇಲಿ ಮುಟ್ಟದ ಕಡೆ ನೆಲದಿಂದ ಎತ್ತರಿಸಿ ಇಟ್ಟರೆ ಗುಡ್ಡ ಕುಸಿದು ರಸ್ತೆ ಬಂದಾದರೂ ಡಯಾಲಿಸಿಸ್ ನಿಲ್ಲುವುದಿಲ್ಲ.

ಚೀಲ ಬದಲಿಸುವ ಕೋಣೆಯಲ್ಲಿ ಕಿಟಕಿ ಮುಚ್ಚಬೇಕು, ಫ್ಯಾನ್ ಆರಿಸಬೇಕು. ಏಪ್ರಿಲ್ ತಿಂಗಳ ಕುಮಟಾದ ಸೆಕೆಯಲ್ಲಿ ಅರ್ಧ ತಾಸು ಇದು ಶಿಕ್ಷೆಯೇ. ಆದರೂ ಬೇಕು, ಗಾಳಿಯಲ್ಲಿ ಹಾರುವ ಧೂಳು ಟ್ಯೂಬಿನ ಬಾಯಿಗೆ ಬೀಳಬಾರದು. ಬೆಕ್ಕನ್ನು ಹೊರಗೆ ಹಾಕಿ ಬಾಗಿಲು ಮುಚ್ಚಬೇಕು. ಉಂಗುರ, ಬಳೆ ತೆಗೆದು, ಸೋಪು ಹಚ್ಚಿ ಮೊಣಕೈವರೆಗೆ ತೊಳೆದು, ಮೂಗು-ಬಾಯಿಗೆ ಮಾಸ್ಕ್ ಕಟ್ಟಬೇಕು. ಚೀಲವನ್ನು ಬೆಚ್ಚಗೆ ಮಾಡಲು ಬಚ್ಚಲ ಹಂಡೆಯ ಬಿಸಿನೀರಲ್ಲಿ ಮುಳುಗಿಸುವುದು ಸಲ್ಲ. ನೀರಿನ ಮೂಲಕವೇ ಕ್ರಿಮಿ ಹತ್ತುತ್ತದೆ, ಒಣ ಶಾಖವೇ ಆಗಬೇಕು. ಹೊಳೆ, ಕೆರೆ, ಸಮುದ್ರದಲ್ಲಿ ಮುಳುಗಿ ಸ್ನಾನ ಇಲ್ಲ. ಹೊನ್ನಾವರದ ಕಾಸರಕೋಡಿನ ಮೀನುಗಾರನಿಗೆ ಇದು ದೊಡ್ಡ ಮಾತು. ಅಂಥವರಿಗೆ ಯಂತ್ರದ ಡಯಾಲಿಸಿಸ್ಸೇ ಸರಿ ಅನ್ನಿಸಿದರೆ ತಪ್ಪಿಲ್ಲ.

ಹೊಟ್ಟೆಯಿಂದ ಹೊರಬಂದ ದ್ರವ ನೋಡಲು ತಿಳಿಯಾದ ಹಳದಿ. ಅದನ್ನು ಪರೀಕ್ಷಿಸುವ ಉಪಕರಣ ಪ್ರತಿ ಮನೆಯಲ್ಲೂ ಇದೆ: ದಿನಪತ್ರಿಕೆ. ತುಂಬಿದ ಚೀಲವನ್ನು ಪತ್ರಿಕೆಯ ಮೇಲಿಟ್ಟು ಅದರ ಮೂಲಕ ಅಕ್ಷರ ಓದಲು ಬಂದರೆ ಸರಿ. ಅಕ್ಷರ ಮಸುಕಾಗಿ, ದ್ರವ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿದ್ದರೆ ಹೊಟ್ಟೆಪೊರೆಗೆ ಸೋಂಕು ತಗಲಿದೆ ಎಂದೇ ತಿಳಿಯಬೇಕು. ಜೊತೆಗೆ ಹೊಟ್ಟೆನೋವು, ಜ್ವರ ಇದ್ದರಂತೂ ಬೆಳಗಾಗಲಿ ಎಂದು ಕಾಯುವಂತಿಲ್ಲ. ಆ ಚೀಲವನ್ನು ಚೆಲ್ಲದೆ ಹಾಗೇ ಕಟ್ಟಿಕೊಂಡು ಆಸ್ಪತ್ರೆಗೆ ಹೋಗಬೇಕು. ಅದರಲ್ಲಿನ ಬಿಳಿ ರಕ್ತಕಣ ಎಣಿಸಿ, ಕ್ರಿಮಿ ಯಾವುದೆಂದು ಬೆಳೆಸಿ ನೋಡಿ ಔಷಧಿ ಕೊಡುತ್ತಾರೆ. ಹೆಚ್ಚಿನ ಸೋಂಕುಗಳು ಆ್ಯಂಟಿಬಯಾಟಿಕ್‌ಗೆ ಬಗ್ಗುತ್ತವೆ. ಕೆಲವು ಬಗ್ಗುವುದಿಲ್ಲ, ಟ್ಯೂಬು ತೆಗೆಯಬೇಕಾಗುತ್ತದೆ; ತಡಮಾಡಿದರೆ ಜೀವಕ್ಕೂ ಕುತ್ತು. ಒಬ್ಬ ರೋಗಿಗೆ ವರ್ಷಕ್ಕೆ ಸರಾಸರಿ 0.4ಕ್ಕಿಂತ ಹೆಚ್ಚು ಸೋಂಕು ಆಗಕೂಡದು ಎಂಬುದು 2022ರ ಅಂತರರಾಷ್ಟ್ರೀಯ ಗುರಿ. ಅಂದರೆ ಎರಡೂವರೆ ವರ್ಷಕ್ಕೆ ಒಂದು.

ಊಟದ ವಿಷಯದಲ್ಲಿ ಹೊಟ್ಟೆ ಡಯಾಲಿಸಿಸ್ ಸ್ವಲ್ಪ ಉದಾರಿ. ಯಂತ್ರದ ಡಯಾಲಿಸಿಸ್ ಎರಡು ದಿನಕ್ಕೋ ಮೂರು ದಿನಕ್ಕೋ ಒಮ್ಮೆ ಆಗುವುದರಿಂದ ನಡುವೆ ಪೊಟ್ಯಾಸಿಯಂ ಏರಿ ಹೃದಯ ನಿಂತೀತೆಂದು ಎಳನೀರು, ಬಾಳೆಹಣ್ಣು ಎಲ್ಲ ಬಂದ್. ಹೊಟ್ಟೆಯದು ದಿನವಿಡೀ ನಡೆಯುವುದರಿಂದ ಈ ಬಿಗಿ ತುಸು ಸಡಿಲ. ಎಷ್ಟೆಂದು ರಕ್ತಪರೀಕ್ಷೆ ನೋಡಿ ವೈದ್ಯರು ಹೇಳುತ್ತಾರೆ. ಉಳಿದಿರುವ ಅಷ್ಟಿಷ್ಟು ಮೂತ್ರವೂ ಹೆಚ್ಚು ಕಾಲ ಉಳಿಯುತ್ತದೆ. ಪ್ರತಿಯಾಗಿ ದ್ರವದೊಂದಿಗೆ ದಿನವೂ ಒಂದಿಷ್ಟು ಪ್ರೋಟೀನ್ ಹೊರಹೋಗುವುದರಿಂದ ಮೀನು, ಮೊಟ್ಟೆ, ಬೇಳೆ ಹೆಚ್ಚು ತಿನ್ನಬೇಕು. ಉಪ್ಪಿಗೆ ಮಾತ್ರ ಇಲ್ಲೂ ರಿಯಾಯಿತಿ ಇಲ್ಲ. ಅಪ್ಪೆಹುಳಿಯ ಲೋಟ ಕಂಡರೆ ಮುಖ ತಿರುಗಿಸುವುದೇ ಕ್ಷೇಮ. ಸಕ್ಕರೆ ಕಾಯಿಲೆ ಇದ್ದವರಿಗೆ ದ್ರವದಲ್ಲಿನ ಸಕ್ಕರೆಯೂ ಮೈಗೆ ಹತ್ತುತ್ತದೆ, ಇನ್ಸುಲಿನ್ ಲೆಕ್ಕ ಬದಲಾಗುತ್ತದೆ. ಇದನ್ನು ಮೊದಲೇ ಹೇಳದ ವೈದ್ಯರ ಮೇಲೆ ಆಮೇಲೆ ರೋಗಿಗೆ ಸಿಟ್ಟು ಬಂದರೆ ಆಶ್ಚರ್ಯವಿಲ್ಲ.

ಹಾಗಾದರೆ ಸರ್ಕಾರ ಏನು ಮಾಡಿದೆ? 2016ರ ಕೇಂದ್ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾದಾಗ ಅದರ ಕಣ್ಣೆಲ್ಲ ಯಂತ್ರಗಳ ಮೇಲೇ ಇತ್ತು. ಯಂತ್ರಕ್ಕೆ ಟೆಂಡರ್ ಕರೆಯಬಹುದು, ಉದ್ಘಾಟನೆ ಮಾಡಬಹುದು, ಎಷ್ಟು ಸಲ ನಡೆಯಿತೆಂದು ಎಣಿಸಿ ಬಿಲ್ ಪಾಸು ಮಾಡಬಹುದು. ಯಾಣದ ಮನೆಯೊಂದರ ಮೂಲೆಯಲ್ಲಿ ಮೊಳೆಗೆ ನೇತುಹಾಕಿದ ಚೀಲಕ್ಕೆ ರಿಬ್ಬನ್ ಕತ್ತರಿಸಲು ಯಾರೂ ಹೋಗುವುದಿಲ್ಲ. 2019ರಲ್ಲಿ ಹೊಟ್ಟೆ ಡಯಾಲಿಸಿಸ್ಸನ್ನೂ ಕಾರ್ಯಕ್ರಮದೊಳಗೆ ಸೇರಿಸಿ ಕೇಂದ್ರ ಮಾರ್ಗಸೂಚಿ ಹೊರಡಿಸಿತು. ಕಾಗದ ಚೆನ್ನಾಗಿದೆ, ಜಾರಿ ರಾಜ್ಯಗಳ ಮರ್ಜಿ. ಸ್ವಂತ ದುಡ್ಡಿನಲ್ಲಿ ಮಾಡಿಸಿಕೊಳ್ಳುವವರಿಗೆ ಚೀಲಗಳ ಖರ್ಚೇ ತಿಂಗಳಿಗೆ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸಿಗೆ ಬರುವುದುಂಟು. ಪಕ್ಕದಲ್ಲೇ ಯಂತ್ರದ್ದು ಉಚಿತ ಇರುವಾಗ ಬಡವ ಯಾವುದನ್ನು ಆರಿಸಿಯಾನು? ಇಷ್ಟಾದ ಮೇಲೂ ‘ಜನ ಹೊಟ್ಟೆ ಡಯಾಲಿಸಿಸ್ ಒಪ್ಪುವುದಿಲ್ಲ’ ಎಂದು ವರದಿ ಬರೆಯುವುದು ಅನ್ಯಾಯ.

ಬೇರೆಡೆ ಬೇರೆ ಲೆಕ್ಕ ಹಾಕಿದ್ದಾರೆ. ಹಾಂಗ್‌ಕಾಂಗ್ 1985ರಿಂದಲೇ ‘ಮೊದಲು ಹೊಟ್ಟೆಯದು, ಆಗದಿದ್ದರೆ ಯಂತ್ರ’ ಎಂಬ ನೀತಿ ಹಿಡಿಯಿತು. ಥಾಯ್ಲೆಂಡ್ 2008ರಲ್ಲಿ ಅದೇ ನೀತಿ ತಂದು, ದ್ರವದ ಪೆಟ್ಟಿಗೆಗಳನ್ನು ಅಂಚೆ ಇಲಾಖೆಯ ಮೂಲಕ ಹಳ್ಳಿ ಮನೆಗಳಿಗೆ ಮುಟ್ಟಿಸಿತು. ಟ್ಯೂಬು ಹಾಕುವ ತರಬೇತಿಯನ್ನು ಕಿಡ್ನಿ ವೈದ್ಯರಿಗೇ ಕೊಟ್ಟಿತು. ಅಲ್ಲೂ ಎಲ್ಲ ಸಲೀಸಾಗಿರಲಿಲ್ಲ. ಬೇಕಾದವರು ಯಂತ್ರ ಆರಿಸಿಕೊಳ್ಳಲು ಬಿಡದ್ದಕ್ಕೆ ಅಸಮಾಧಾನ ಬೆಳೆದು, 2022ರಲ್ಲಿ ಆಯ್ಕೆಯನ್ನು ರೋಗಿಗೇ ಬಿಡಲಾಯಿತು. ಯಂತ್ರದ ಕಡೆಗೆ ಜನ ಹರಿದು ಖರ್ಚು ಏರಿತು. ಕರ್ನಾಟಕ ಹಾಂಗ್‌ಕಾಂಗಿನ ಕಟ್ಟುನಿಟ್ಟನ್ನು ನಕಲು ಮಾಡಬೇಕಿಲ್ಲ. ಕುಮಟಾ ಪೇಟೆಯಲ್ಲಿ, ಆಸ್ಪತ್ರೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಒಬ್ಬರೇ ಇರುವ ವೃದ್ಧೆಗೆ ಯಂತ್ರವೇ ಹಿತ. ಆಸ್ಪತ್ರೆಯಲ್ಲಿ ಮಾಡುವವರಿದ್ದಾರೆ, ಮಾತಿಗೆ ಜನವಿದ್ದಾರೆ. ಯಾಣದವರಿಗೆ ಹಾಗಲ್ಲ. ಎರಡನ್ನೂ ಒಂದೇ ಬೆಲೆಗೆ, ಅಂದರೆ ಉಚಿತವಾಗಿ, ಮುಂದಿಟ್ಟು ಆರಿಸಲು ಬಿಟ್ಟರೆ ಸಾಕು.

ವೈದ್ಯರು ಬರುವುದಕ್ಕೂ ಮೊದಲು ಬೇಕಾಗಿರುವುದು ಒಬ್ಬ ನರ್ಸ್. ಟ್ಯೂಬು ಹಾಕುವುದು ಒಂದು ದಿನದ ಮಾತು. ಆಮೇಲೆ ಕೈ ತೊಳೆಯುವುದನ್ನು ಕಲಿಸುವುದು, ಟ್ಯೂಬಿನ ಬಾಯಿ ಕೆಂಪಾಗಿದೆಯೇ ಎಂದು ನೋಡುವುದು, ಮಸುಕಾದ ಚೀಲದ ಫೋಟೊ ವಾಟ್ಸ್ಯಾಪ್‌ನಲ್ಲಿ ಬಂದಾಗ ರಾತ್ರಿ ಹತ್ತಕ್ಕೂ ಉತ್ತರ ಕೊಡುವುದು, ಎಲ್ಲ ಅವರದೇ ಕೆಲಸ. ಟ್ಯೂಬಿನ ಹೊರತುದಿಗೆ ಟ್ರಾನ್ಸ್‌ಫರ್ ಸೆಟ್ ಎಂಬ ಗೇಣುದ್ದದ ಜೋಡಣೆ ಇರುತ್ತದೆ. ಆರು ತಿಂಗಳಿಗೊಮ್ಮೆ ಅದನ್ನು ಬದಲಿಸಬೇಕು. ಕಲಿತ ಕೈಗೆ ಕಾಲು ತಾಸೂ ಬೇಡ. ಅದನ್ನು ಬದಲಿಸಲು ಯಾಣದವರು ಕುಮಟಾದಲ್ಲಿ ಬಸ್ಸಿಳಿದರೆ ಮುಗಿಯಬೇಕೇ, ಉಡುಪಿಯವರೆಗೆ ಹೋಗಬೇಕೇ ಎಂಬುದು ತಾಲ್ಲೂಕು ಆಸ್ಪತ್ರೆಯ ಒಬ್ಬ ಸಿಸ್ಟರ್‌ಗೆ ಕೆಲವು ವಾರ ತರಬೇತಿ ಕೊಡಿಸುವುದರ ಮೇಲೆ ನಿಂತಿದೆ.